ಸುಂದರನ ಬಲಗೈ, ಬಾಬಾರ ಬೈಕು

ಸುಂದರನ ಬಗ್ಗೆ ಬರೆಯಲು ಒಂದೇ ಕಾರಣ. ತನ್ನ ಕೈಯಲ್ಲಿ ಇನ್ನು ಆಗುವುದಿಲ್ಲ ಎಂದು ಅವನು ಕಫೀಲನ ಎದುರು ನಿಂತು, ತಾನಾಗಿಯೇ ಬಾಯಿಬಿಟ್ಟು ಹೇಳಿದ. ಊರಲ್ಲಿ ಇದ್ದವರಿಗೆ ಇದು ದೊಡ್ಡ ಸಂಗತಿ ಅನಿಸಲಿಕ್ಕಿಲ್ಲ. ಕುವೈತಿನಲ್ಲಿ ದುಡಿದವರಿಗೆ ಗೊತ್ತು. ಇಲ್ಲಿ ಸಕ್ಕರೆ ಕಾಯಿಲೆಯವನು ಮಾತ್ರೆಯನ್ನು ಬಟ್ಟೆಯ ನಡುವೆ ಅಡಗಿಸಿಡುತ್ತಾನೆ. ಕಣ್ಣು ಮಂಜಾದವನು ರಸ್ತೆಯ ಬೋರ್ಡುಗಳನ್ನು ಬಾಯಿಪಾಠ ಮಾಡಿಕೊಂಡು ಗಾಡಿ ಓಡಿಸುತ್ತಾನೆ. ಸೊಂಟ ಹೋದವನು ನಗುನಗುತ್ತ ಸಿಲಿಂಡರ್ ಎತ್ತುತ್ತಾನೆ. ವೀಸಾ ಕೊಟ್ಟ ಯಜಮಾನನೇ ಕಫೀಲ್. ಅವನಿಗೆ ಬೇಡವಾದರೆ ಇಲ್ಲಿ ಇರಲಿಕ್ಕೆ ಬೇಕಾದ ಇಕಾಮಾ ಇಲ್ಲ, ಇಕಾಮಾ ಇಲ್ಲದವನಿಗೆ ಕುವೈತ್ ಇಲ್ಲ. ಸುಂದರ ಸುಳ್ಳು ಹೇಳಬೇಕಾದ ಅಗತ್ಯವೂ ಇರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ಅವನು ಸುಮ್ಮನಿರಲಿಲ್ಲ.

ಸುಂದರ ಕಿನ್ನಿಗೋಳಿ ಕಡೆಯವನು. ಶಾಲೆ ಅರ್ಧಕ್ಕೇ ಬಿಟ್ಟ. ಎಂ-ಎಯ್ಟಿ ಗಾಡಿಯ ಹಿಂದೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಗುಡ್ಡ ಹತ್ತಿ ಮನೆಮನೆಗೆ ಹೋಗುತ್ತಿದ್ದ. ರಬ್ಬರ್ ಹಾರನ್ ಪೋಂ ಪೋಂ ಎಂದರೆ ಹೆಂಗಸರಿಗಿಂತ ಮೊದಲು ಬೆಕ್ಕುಗಳು ಬರುತ್ತಿದ್ದವಂತೆ. ಆಮೇಲೆ ಯಾರೋ ನೆಂಟರು ವೀಸಾ ಮಾಡಿಸಿ ಕಳಿಸಿದರು. ಹೌಸ್ ಡ್ರೈವರ್ ಕೆಲಸ. ಜಹ್ರಾದಲ್ಲಿ ಒಂದು ಮನೆ, ಮನೆಯ ಕಾಂಪೌಂಡಿನ ಮೂಲೆಯಲ್ಲಿ ಅವನಿಗೊಂದು ಕೋಣೆ. ಹೆಂಡತಿ ಉಮಾವತಿ, ಮಗಳು ದೀಕ್ಷಿತಾ ಊರಲ್ಲಿ. ಮಗಳ ಕಾಲೇಜು ಮುಗಿಯುವ ತನಕ ಇಲ್ಲಿರುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು.

ಮನೆಯ ಯಜಮಾನರ, ಅಂದರೆ ಅವನ ಕಫೀಲನ ಹೆಸರು ಬೂ ನಾಸರ್, ನಾಸರನ ಅಪ್ಪ ಎಂದು. ಮನೆಕೆಲಸದವರೆಲ್ಲ ಅವರನ್ನು ಬಾಬಾ ಅನ್ನುತ್ತಾರೆ. ಬಾಬಾರಿಗೆ ಒಂದು ದೊಡ್ಡ ಬೈಕಿನ ಹುಚ್ಚು. ಊರು ಸುತ್ತಲಿಕ್ಕೆಂದೇ ಮಾಡಿದ ಬೈಕು ಅದು. ಸೀಟು ಸೋಫಾದ ಹಾಗೆ. ಹಿಂದೆ ಹೋಗಲಿಕ್ಕೆ ಗೇರು, ಹಾಡು ಕೇಳಲಿಕ್ಕೆ ಸ್ಪೀಕರ್ ಎಲ್ಲ ಉಂಟು. ಅದರ ಹಿಂದೆ ಎರಡು ಚಕ್ರದ ಸಣ್ಣ ಟ್ರೈಲರ್ ಕಟ್ಟುತ್ತಾರೆ. ಮುಚ್ಚಳ ಇರುವ ಪೆಟ್ಟಿಗೆಯಂಥದ್ದು. ಸುಂದರ ಅದಕ್ಕೆ 'ಬಾಲ' ಎಂದು ಹೆಸರಿಟ್ಟಿದ್ದ. ಶುಕ್ರವಾರ ಬಂದರೆ ಬಾಬಾ ಮತ್ತು ಅವರ ಓರಗೆಯ ಮೂರು ನಾಲ್ಕು ಜನ ಬೈಕಿನಲ್ಲಿ ವಫ್ರಾಕ್ಕೆ ಹೋಗುತ್ತಿದ್ದರು. ಅಲ್ಲಿ ಬಾಬಾರದ್ದು ಒಂದು ತೋಟ. ಹೋಗುವಾಗ ಬಾಲದಲ್ಲಿ ಕಂಬಳಿ, ಕುರ್ಚಿ, ಚಾ ಪಾತ್ರೆ, ಇದ್ದಿಲ ಒಲೆ. ಬರುವಾಗ ಟೊಮೆಟೊ, ಸೌತೆಯ ಪೆಟ್ಟಿಗೆ.

ಬಾಬಾರ ಕಣ್ಣು ಕೈಕೊಟ್ಟಾಗ ಮಗ ನಾಸರ್ ಬೈಕು ಮಾರೋಣ ಎಂದ. ಬಾಬಾ ಎರಡು ದಿನ ಊಟ ಬಿಟ್ಟರು. ಕೊನೆಗೆ ಅವರೇ ದಾರಿ ಕಂಡುಕೊಂಡರು. ಸುಂದರನಿಗೆ ಬೈಕಿನ ಲೈಸೆನ್ಸ್ ಮಾಡಿಸಿದರು. ಅವನು ಮುಂದೆ, ತಾನು ಹಿಂದೆ.

ಮೊದಲ ಸವಾರಿಯಲ್ಲೇ ಒಂದು ಎಡವಟ್ಟು ಆಯಿತು. ಆರನೇ ರಿಂಗ್ ರೋಡಿನಲ್ಲಿ ಸುಂದರ ಜೀವ ಕೈಯಲ್ಲಿ ಹಿಡಿದು ಓಡಿಸುತ್ತಿದ್ದ. ಹೆಲ್ಮೆಟಿನೊಳಗಿನ ಸ್ಪೀಕರಿನಲ್ಲಿ ಬಾಬಾರ ದನಿ ಬಂತು.

"ತಬ್ಬಿತ್, ಸುಂದರ್, ತಬ್ಬಿತ್!"

ಸುಂದರನ ಕಿವಿಗೆ ಅದು ಕನ್ನಡವಾಗಿ ಕೇಳಿತು. ಮುದುಕರಿಗೆ ಹೆದರಿಕೆಯಾಗಿದೆ, ತಬ್ಬಿಕೊಳ್ಳಲಾ ಎಂದು ಕೇಳುತ್ತಿದ್ದಾರೆ ಅಂದುಕೊಂಡ.

"ತಬ್ಬಿ ಬಾಬಾ, ತಬ್ಬಿ," ಎಂದ.

ಕುವೈತಿಗಳ ಮಾತಿನಲ್ಲಿ 'ತಬಿ' ಅಂದರೆ 'ಬೇಕಾ' ಎಂದು ಅರ್ಥ. ಬೇಕಾ ಎಂದು ಹುಡುಗ ಕೇಳುತ್ತಿದ್ದಾನೆ ಎಂದುಕೊಂಡು ಬಾಬಾ, ಬೇಕು ಅನ್ನಲಿಕ್ಕೆ, "ಅಬಿ, ಅಬಿ!" ಎಂದರು. ಸುಂದರನಿಗೆ ಈ ಸಲ ಹಿಂದಿ ಕೇಳಿತು. ಅಭೀ. ಅಂದರೆ ಈಗಲೇ. ಪಾಪ, ಬಹಳ ಹೆದರಿದ್ದಾರೆ ಎಂದು ಅವನು ಎಡಗೈ ಹಿಂದೆ ಚಾಚಿ, ಬಾಬಾರ ಕೈಯನ್ನು ಹಿಡಿದೆಳೆದು ತನ್ನ ಸೊಂಟಕ್ಕೆ ಸುತ್ತಿಕೊಂಡ.

"ಯಾ ಹಿಮಾರ್!" ಎಂದು ಬಾಬಾ ಕಿರುಚಿದರು. ಹಿಮಾರ್ ಅಂದರೆ ಕತ್ತೆ. ಆ ಒಂದು ಪದಕ್ಕೆ ಸುಂದರನಿಗೆ ಅರ್ಥ ಹೇಳಿಕೊಡಬೇಕಾಗಿರಲಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಇಳಿದು ಬಾಬಾ ಕಲಿಸಿಕೊಟ್ಟರು. ಬಲ ಹೆಬ್ಬೆರಳಿನ ಹತ್ತಿರ ಒಂದು ಬಟನ್ ಉಂಟು. ಒತ್ತಿದರೆ ಗಾಡಿ ಅದೇ ಸ್ಪೀಡಿನಲ್ಲಿ ಓಡುತ್ತಲೇ ಇರುತ್ತದೆ. ಎಕ್ಸಲೇಟರ್ ತಿರುಗಿಸಿ ಹಿಡಿಯಬೇಕೆಂದಿಲ್ಲ. ಕ್ರೂಸ್ ಕಂಟ್ರೋಲ್ ಎಂದು ಕೆಲವರು ಹೇಳುವುದು ಅದಕ್ಕೇ. ಬಾಬಾರ ಬಾಯಲ್ಲಿ ಅದು ತಬ್ಬಿತ್. ಅಂದಿನಿಂದ ಸುಂದರನಿಗೂ ತಬ್ಬಿತ್ ಅಂದರೆ ಆ ಬಟನ್. ಆ ಪದಕ್ಕೆ ಇನ್ನೊಂದು ಅರ್ಥ ಇರಬಹುದೆಂದು ಅವನು ಕೇಳಲೂ ಇಲ್ಲ, ಯಾರೂ ಹೇಳಲೂ ಇಲ್ಲ.

ಬಾಬಾ ಒಂದು ಕಟ್ಟಳೆಯನ್ನೂ ಹಾಕಿದ್ದರು. ಗಾಳಿ ಇದ್ದರೆ ತಬ್ಬಿತ್ ಬೇಡ. ಹಿಂದೆ ಬಾಲ ಇರುವಾಗ ಗಾಳಿ ಬಂದರೆ ಬಾಲ ಅಲುಗುತ್ತದೆ, ಆಗ ಸ್ಪೀಡು ಮೆಲ್ಲಗೆ ಇಳಿಯಬೇಕು. ಬಟನ್ ಇಳಿಯಲು ಬಿಡುವುದಿಲ್ಲ. ಬಾಲ ಅಲುಗಿದ್ದು ಬಟನ್‌ಗೆ ಗೊತ್ತಾಗುವುದಿಲ್ಲ, ಕೈಗೆ ಗೊತ್ತಾಗುತ್ತದೆ. ಸುಂದರನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಮೀನಿನ ಪೆಟ್ಟಿಗೆ ಕಟ್ಟಿ ಓಡಿಸಿದವನಿಗೆ ಹಿಂದಿನ ಭಾರದ ಮಾತು ತಿಳಿಯುತ್ತದೆ.

ವರ್ಷಗಳು ಹಾಗೇ ಹೋದವು.

ಹೋದ ಚಳಿಗಾಲದಲ್ಲಿ ಸುಂದರನ ಬಲಗೈ ಜೋಮು ಹಿಡಿಯಲು ಶುರುವಾಯಿತು. ಮೊದಲು ಹೆಬ್ಬೆರಳು, ಆಮೇಲೆ ಅದರ ಪಕ್ಕದ ಎರಡು ಬೆರಳು. ಬೆಳಗ್ಗೆ ಎದ್ದು ಕೈ ಕೊಡವಿದರೆ ಸರಿಯಾಗುತ್ತಿತ್ತು. ನಂತರ ಕೊಡವಿದರೂ ಸರಿಯಾಗಲಿಲ್ಲ. ಅಂಗಿಯ ಗುಂಡಿ ಎಡಗೈಯಲ್ಲಿ ಹಾಕುವುದು ಕಲಿತ. ಕೀ ಕೈಯಿಂದ ಬಿದ್ದರೆ ಬಿದ್ದ ಶಬ್ದದಿಂದಲೇ ಗೊತ್ತಾಗುತ್ತಿತ್ತು. ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೈ ಮುಳುಗಿಸಿಕೊಂಡು ಕೂರುತ್ತಿದ್ದ.

ಜಹ್ರಾದ ಒಂದು ಕ್ಲಿನಿಕ್ಕಿನಲ್ಲಿ ಲೆಸ್ಟರ್ ಎಂಬವನು ನರ್ಸ್. ಬೆಳ್ಮಣ್ಣು ಕಡೆಯ ಕೊಂಕಣಿ ಹುಡುಗ. ಸುಂದರ ಅವನ ಹತ್ತಿರ ಹೋದ. ಲೆಸ್ಟರ್ ಅವನ ಬೆರಳು ಹಿಡಿದುಕೊಂಡು ಏನೋ ಮಾಡುತ್ತಿದ್ದ.

"ಎಂತ ಸುಂದರಣ್ಣ, ಸೂಜಿ ಚುಚ್ಚಿದ್ದು ಗೊತ್ತಾಗ್ಲಿಲ್ವಾ?"

"ಯಾವಾಗ ಚುಚ್ಚಿದ್ದು?"

"ಈಗ ಮಾರಾಯ್ರೆ! ರಕ್ತ ಬಂತು ನೋಡಿ."

ಸುಂದರ ನೋಡಿದ. ಬಂದಿತ್ತು.

"ಮಣಿಗಂಟಲ್ಲಿ ನರ ಒತ್ತಿ ಹೋಗಿದೆ," ಎಂದ ಲೆಸ್ಟರ್. "ಆಪರೇಶನ್ ಮಾಡಿದ್ರೆ ಸರಿ ಆಗ್ಲಿಕ್ಕೂ ಸಾಕು. ಆದ್ರೆ ಎಕ್ಸಲೇಟರ್ ತಿರ್ಗಿಸುವ ಕೆಲಸ ಬಿಡ್ಬೇಕು ನೀವು."

"ಬಿಟ್ಟು ಎಂತ ಮಾಡುದು? ನಿನ್ನ ಜಾಗದಲ್ಲಿ ಸೂಜಿ ಚುಚ್ಲಿಕ್ಕೆ ಬರ್ಲಾ?"

"ಬನ್ನಿ ಬನ್ನಿ. ನಿಮ್ಮ ಕೈಗೆ ಸಿಕ್ಕಿದ ಪೇಶೆಂಟಿನ ಕತೆ ಖಲಾಸ್."

ಇಬ್ಬರೂ ನಕ್ಕರು. ಹೊರಡುವಾಗ ಲೆಸ್ಟರ್ ಕೇಳಿದ, "ಬಾಬಾರಿಗೆ ಹೇಳಿದ್ದೀರಾ?"

"ನಿಂಗೆ ಮರ್ಲಾ?" ಎಂದ ಸುಂದರ. ಹುಚ್ಚಾ ಎಂದು.

ಕಾರು ಹೇಗೋ ನಡೆಯುತ್ತಿತ್ತು, ಸ್ಟೇರಿಂಗಿಗೆ ಎಡಗೈ ಸಾಕು. ಬೈಕಿಗೆ ಸಾಲದು. ಎಕ್ಸಲೇಟರ್ ಇರುವುದೇ ಬಲಕ್ಕೆ. ಜಹ್ರಾದಿಂದ ವಫ್ರಾದ ತನಕ ಅದನ್ನು ತಿರುಗಿಸಿ ಹಿಡಿದರೆ ಕೈ ಮೊಣಕೈವರೆಗೂ ಮರಗಟ್ಟುತ್ತಿತ್ತು. ಹಾಗಾಗಿ ಸುಂದರ ತಬ್ಬಿತ್‌ನ ಮೊರೆಹೋದ. ರಿಂಗ್ ರೋಡಿಗೆ ಏರಿದ ಕೂಡಲೇ ಬಟನ್ ಒತ್ತುತ್ತಿದ್ದ, ಕೈಯನ್ನು ಸುಮ್ಮನೆ ಹ್ಯಾಂಡಲ್ ಮೇಲೆ ಇಟ್ಟುಕೊಳ್ಳುತ್ತಿದ್ದ. ಗಾಳಿ ಇಲ್ಲದ ದಿನವೂ ತಬ್ಬಿತ್, ಸ್ವಲ್ಪ ಗಾಳಿ ಇದ್ದ ದಿನವೂ ತಬ್ಬಿತ್. ಹಿಂದೆ ಕೂತ ಬಾಬಾರಿಗೆ ಕಣ್ಣು ಕಾಣುವುದಿಲ್ಲ. ಎಷ್ಟು ಒಂದೇ ಸಮನೆ ಓಡಿಸುತ್ತಾನೆ ಎಂದು ಅವರು ಗೆಳೆಯರ ಹತ್ತಿರ ಹೊಗಳಿಕೊಳ್ಳುತ್ತಿದ್ದರು.

ಆ ಹೊಗಳಿಕೆ ಸುಂದರನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಶುಕ್ರವಾರ ಹತ್ತಿರ ಬಂದ ಹಾಗೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ವಾರದ ಉಳಿದ ದಿನ ಎಷ್ಟು ಮಲಗಿದರೂ ಆಯಾಸ ಇಳಿಯುತ್ತಿರಲಿಲ್ಲ.

ಆಮೇಲೆ ಮಾರ್ಚಿನಲ್ಲಿ ಒಂದು ಶುಕ್ರವಾರ. ಹೊರಡುವಾಗ ಎಲೆ ಅಲುಗುತ್ತಿರಲಿಲ್ಲ. ಮೀನಾ ಅಬ್ದುಲ್ಲಾದ ಎಣ್ಣೆ ಕಾರ್ಖಾನೆಯ ಚಿಮಣಿಗಳು ಕಾಣುವಾಗ ಹೊಗೆ ಅಡ್ಡಕ್ಕೆ ಹೋಗುತ್ತಿತ್ತು. ಸುಂದರ ಅದನ್ನು ನೋಡಿದ. ನೋಡಿಯೂ ಬಟನ್ ತೆಗೆಯಲಿಲ್ಲ. ವಫ್ರಾ ರಸ್ತೆಗೆ ತಿರುಗಿದ ಸ್ವಲ್ಪ ಹೊತ್ತಿಗೆ ಎರಡೂ ಕಡೆ ಬಯಲು. ಗಾಳಿಯನ್ನು ತಡೆಯುವವರು ಯಾರೂ ಇಲ್ಲ. ಬಲಗಡೆಯಿಂದ ಧೂಳು ಎದ್ದು ಬಂತು, ಒಮ್ಮೆಲೇ ತಳ್ಳಿತು.

ಬಾಲ ಅಲುಗಲು ಶುರುವಾಗಿ ಎಷ್ಟು ಹೊತ್ತಾಗಿತ್ತೋ, ಅವನಿಗೆ ಗೊತ್ತಾಗಿರಲಿಲ್ಲ. ಕನ್ನಡಿಯಲ್ಲಿ ನೋಡಿದಾಗ ಅದು ನಾಯಿ ಬಾಲದ ಹಾಗೆ ಆಡುತ್ತಿತ್ತು. ಹೆಬ್ಬೆರಳಿನಿಂದ ತಡಕಿ ತಬ್ಬಿತ್ ಬಂದ್ ಮಾಡಿದ. ಸ್ಪೀಡು ಇಳಿಯತೊಡಗಿತು. ಬಾಲವೂ ಹದಕ್ಕೆ ಬರುತ್ತಿತ್ತು. ಅಷ್ಟರಲ್ಲಿ ಬಾಬಾ ಕಿವಿಯಲ್ಲಿ ಕೂಗಿದರು.

"ತಬ್ಬಿತ್! ಸುಂದರ್, ತಬ್ಬಿತ್! ತಬ್ಬಿತ್!"

ಅರಬಿಯಲ್ಲಿ ಆ ಪದದ ನಿಜವಾದ ಅರ್ಥ, ಅಲುಗಬೇಡ, ಗಟ್ಟಿಯಾಗಿ ನಿಲ್ಲು ಎಂದು. ಬಾಬಾ ಹೇಳಿದ್ದು ಅದನ್ನೇ. ಸುಂದರನಿಗೆ ಅದು ಬಟನ್. ಇಷ್ಟು ವರ್ಷ ಬಾಬಾರ ಮಾತಿಗೆ ಹೂಂ ಅಂದ ಬೆರಳು ತಾನಾಗಿಯೇ ಹೋಗಿ ಬಟನ್ ಒತ್ತಿತು. ಗಾಡಿ ಮತ್ತೆ ಮುಂದಕ್ಕೆ ಎಳೆಯಿತು. ಹಿಂದೆ ಬಾಲ ರಸ್ತೆಯ ಈ ಬದಿಯಿಂದ ಆ ಬದಿಗೆ ಬೀಸಿ ಹೊಡೆಯಿತು.

ಮುಂದಿನ ಚಕ್ರದ ಬ್ರೇಕ್ ಹಿಡಿದಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ಸುಂದರ ಎಡಗೈಯಿಂದ ಕ್ಲಚ್ ಎಳೆದ. ಆಗ ತಬ್ಬಿತ್ ಬಿಟ್ಟುಕೊಂಡಿತು. ಕಾಲಿನ ಬ್ರೇಕನ್ನು ಮೊಟ್ಟೆ ಮೆಟ್ಟಿದ ಹಾಗೆ ಮೆಟ್ಟಿದ. ಬೈಕು ರಸ್ತೆ ಬಿಟ್ಟು ಮರಳಿಗೆ ಇಳಿಯಿತು, ಓಲಾಡಿತು, ನಿಂತಿತು. ಬಾಲ ಮಗುಚಿ ಬಿತ್ತು. ಚಾ ಪಾತ್ರೆ ಉರುಳಿಕೊಂಡು ಬಯಲಿನ ತಂತಿ ಬೇಲಿಯ ತನಕ ಹೋಯಿತು. ಬಾಬಾ ಅವನ ಸೊಂಟವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಕೈ ಬಿಡಿಸಲು ಗೆಳೆಯರು ಬರಬೇಕಾಯಿತು.

ಬಾಬಾರ ಮೊಣಕಾಲಿಗೆ ಸ್ವಲ್ಪ ಉಳುಕು, ಅಷ್ಟೇ. ಗೆಳೆಯರು ಸುಂದರನ ಬೆನ್ನು ತಟ್ಟಿದರು. "ಮಾಶಾಲ್ಲಾ, ಸಿಂಹ!" ಎಂದರು ಒಬ್ಬರು. ಬಾಬಾ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಎರಡನೇ ಸಲ ಯಾಕೆ ಗಾಡಿ ಎಳೆಯಿತು ಎಂದು ಕೇಳಿದರು.

"ನೀವೇ ತಬ್ಬಿತ್ ಎಂದಿರಿ, ಒತ್ತಿದೆ," ಎಂದ ಸುಂದರ.

ಬಾಬಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಗಟ್ಟಿ ನಿಲ್ಲು ಅಂದರೆ ಇವನು ಬಟನ್ ಒತ್ತುತ್ತಾನೆ! ಗೆಳೆಯರೂ ನಕ್ಕರು. ತೋಟ ಮುಟ್ಟುವಷ್ಟರಲ್ಲಿ ಅದು ಕತೆಯಾಗಿತ್ತು. ಮರುದಿನ ಮನೆಗೆ ಬಂದವರಿಗೆಲ್ಲ ಬಾಬಾ ಅದನ್ನೇ ಹೇಳಿದರು. ತಪ್ಪು ನನ್ನದೇ, ಕಲಿಸಿದವನು ನಾನು ಎಂದರು.

ಹೀಗೆ ತಪ್ಪು ಗಾಳಿಗೆ ಸ್ವಲ್ಪ, ಪದಕ್ಕೆ ಸ್ವಲ್ಪ ಹಂಚಿಹೋಯಿತು. ಸುಂದರನ ಪಾಲಿಗೆ ಏನೂ ಉಳಿಯಲಿಲ್ಲ.

ಉಮಾವತಿಗೆ ಫೋನ್ ಮಾಡಿದಾಗ ಅವಳು ದೇವರಿಗೆ ಕೈ ಮುಗಿದಳು. "ಹಾಗಾದ್ರೆ ನಿಮ್ಮ ಕೈಯ ವಿಷಯ ಅವರಿಗೆ ಗೊತ್ತಾಗ್ಲಿಲ್ಲ ಅಲ್ವಾ?"

"ಇಲ್ಲ."

"ಮತ್ತೆ ನೀವಾಗಿ ಎಂತ ಹೇಳ್ಲಿಕ್ಕೆ ಹೋಗ್ಬೇಡಿ. ದೀಕ್ಷಿತಾಂದು ಇನ್ನು ಎಷ್ಟು ಸಮಯ? ಮುಗೀತಾ ಬಂತು."

"ಹೂಂ."

"ಕೇಳ್ತದಾ ಇವ್ರೆ? ಬರೀ ಹೂಂ ಅಂದ್ರೆ ಆಯ್ತಾ?"

"ಕೇಳ್ತದೆ ಮಾರಾಯ್ತಿ. ಹಿಂದೆ ಕೂತುಕೊಳ್ಳುದು ಅವರಲ್ವಾ?"

ಅವಳು ಫೋನ್ ಇಟ್ಟಳು. ಲೆಸ್ಟರನೂ ಅದನ್ನೇ ಹೇಳಿದ. "ಸುಂದರಣ್ಣ, ಮುದುಕ್ರು ತಪ್ಪು ತಮ್ಮ ತಲೆ ಮೇಲೆ ಹಾಕ್ಕೊಂಡಿದ್ದಾರೆ. ನೀವು ಅದನ್ನು ಎಳ್ದು ನಿಮ್ಮ ತಲೆಗೆ ಹಾಕ್ಕೊಳ್ಳುದು ಎಂತಕ್ಕೆ? ಕಾಲು ನೋವು ಅಂತ ಹೇಳಿ, ಬೆನ್ನು ನೋವು ಅಂತ ಹೇಳಿ, ಬೈಕ್ ಬೇಡ ಅನ್ನಿ."

"ಬೆನ್ನು ನೋವು ಅಂದ್ರೆ ಬೇರೆ ಡ್ರೈವರ್ ತರ್ತಾರೆ."

"ಕೈ ಅಂದ್ರೆ?"

"ಆಗ್ಲೂ ತರ್ತಾರೆ."

"ಮತ್ತೆ?"

ಸುಂದರ ಎದ್ದು ಹೊರಟ. ಅವನಿಗೆ ಸಾಕಾಗಿತ್ತು. ಗುಟ್ಟು ಹೊತ್ತುಕೊಂಡು ತಿರುಗುವುದು ಭಾರ ಎಳೆಯುವುದಕ್ಕಿಂತ ಕಷ್ಟ.

ಬಾಲ ರಿಪೇರಿಯಾಗಿ ಬಂತು. ಬಾಬಾರ ಮೊಣಕಾಲು ಗುಣವಾಯಿತು. ಮತ್ತೆ ಶುಕ್ರವಾರ ಬಂತು. ಬಾಬಾ ಜಾಕೆಟ್ ಹಾಕಿ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು, ಗೋಡೆ ಹಿಡಿದುಕೊಂಡು ಅಂಗಳಕ್ಕೆ ಬಂದರು. ಮದುವೆಗೆ ಹೊರಟವರ ಹಾಗೆ ಮುಖ. ಸುಂದರ ಎಂದಿನಂತೆ ಅವರಿಗೆ ಚಾ ತಂದಿದ್ದ. ಅವರ ನಡುವಿನ ಮಾತು ಅರ್ಧ ಹಿಂದಿ, ಅರ್ಧ ಅರಬಿ. ಇಲ್ಲಿ ಕನ್ನಡದಲ್ಲಿ ಬರೆದಿದೆ.

"ಯಲ್ಲಾ ಸುಂದರ್, ಇವತ್ತು ಗಾಳಿ ಇಲ್ಲ. ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ," ಎಂದು ಬಾಬಾ ನಕ್ಕರು.

"ಬಾಬಾ, ಇವತ್ತು ನಾನು ಬೈಕ್ ತೆಗೆಯುವುದಿಲ್ಲ."

"ಹೆದರಿದೆಯಾ?"

"ಕೈಯಲ್ಲಿ ಜೀವ ಇಲ್ಲ ಬಾಬಾ."

ಬಾಬಾರಿಗೆ ಅರ್ಥವಾಗಲಿಲ್ಲ. ಸುಂದರ ಆಗಷ್ಟೇ ಕುದಿದು ಇಳಿದ ಚಾದ ಸಣ್ಣ ಗಾಜಿನ ಲೋಟವನ್ನು ಬಲಗೈಯ ಮೂರು ಬೆರಳಲ್ಲಿ ಹಿಡಿದುಕೊಂಡ. ಎಡಗೈಯಿಂದ ಬಾಬಾರ ಬೆರಳು ತಂದು ಲೋಟಕ್ಕೆ ತಾಗಿಸಿದ. ಬಾಬಾ ಹಾ ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಸುಂದರ ಹಿಡಿದೇ ಇದ್ದ.

"ನನಗೆ ಇದು ಬಿಸಿಯೂ ಅಲ್ಲ ತಣ್ಣಗೂ ಅಲ್ಲ," ಎಂದ. "ಅವತ್ತು ಬಾಲ ಅಲುಗಿದ್ದು ನನಗೆ ಗೊತ್ತೇ ಆಗಲಿಲ್ಲ. ಗಾಳಿ ಇತ್ತು, ನಾನು ನೋಡಿದೆ. ಆದರೂ ತಬ್ಬಿತ್ ತೆಗೆಯಲಿಲ್ಲ. ತೆಗೆದರೆ ಕೈ ನಡೆಯುವುದಿಲ್ಲ ಎಂದು. ನಿಮ್ಮ ಮಾತಿನ ತಪ್ಪಲ್ಲ ಅದು."

"ಯಾವಾಗಿನಿಂದ?"

"ಚಳಿಗಾಲದಿಂದ."

"ಚಳಿಗಾಲದಿಂದ." ಬಾಬಾ ಅದನ್ನೇ ಹೇಳಿದರು. "ನಾನು ಹಿಂದೆ ಕೂತಿರುತ್ತಿದ್ದೆ. ಕಣ್ಣಿಲ್ಲದವನು. ನಿನಗೆ ಕೈ ಇಲ್ಲ. ನಿನಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ."

"ಹೌದು ಬಾಬಾ."

ಬೈದಿದ್ದರೆ ಸುಂದರನಿಗೆ ಸುಲಭವಾಗುತ್ತಿತ್ತು. ಕತ್ತೆ ಎಂದಿದ್ದರೂ ಆಗುತ್ತಿತ್ತು. ಬಾಬಾ ಹೆಲ್ಮೆಟನ್ನು ತಡಕಾಡಿ ಮೆಟ್ಟಿಲ ಮೇಲೆ ಇಟ್ಟರು. ಗೋಡೆ ಹಿಡಿದುಕೊಂಡು ಒಳಗೆ ಹೋದರು. ಹೆಲ್ಮೆಟ್ ಮೆಟ್ಟಿಲ ಮೇಲೆ ಉಳಿಯಿತು. ಗೇಟಿನ ಹೊರಗೆ ಗೆಳೆಯರ ಬೈಕುಗಳು ಬಂದು, ಹಾರನ್ ಹೊಡೆದು, ಕಾದು, ಹೋದವು.

ಅದರ ನಂತರ ಮನೆಯಲ್ಲಿ ಅವನಿಗೆ ಯಾರೂ ಕೆಲಸ ಹೇಳಲಿಲ್ಲ. ಕಾರಿನ ಕೀಯನ್ನು ನಾಸರ್ ತೆಗೆದುಕೊಂಡ. ಸುಂದರ ಬ್ಯಾಗಿಗೆ ಬಟ್ಟೆ ತುಂಬಿ ಇಟ್ಟ. ಉಮಾವತಿಗೆ ಬರುತ್ತೇನೆ ಎಂದೂ ಹೇಳಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಕೋಣೆಯ ಬಾಗಿಲಲ್ಲಿ ಕೂತು ಅಂಗಳ ನೋಡುತ್ತಿದ್ದ. ಬಾಬಾರ ಒಬ್ಬ ಗೆಳೆಯರು ಬಂದು ಬೈಕು, ಬಾಲ ಎರಡನ್ನೂ ಕೊಂಡುಹೋದರು. ಹೋಗುವಾಗ ಬಾಬಾ ಹೊರಗೆ ಬರಲಿಲ್ಲ. ಶಬ್ದ ದೂರವಾಗುವ ತನಕ ಅವರ ಕೋಣೆಯ ಕಿಟಕಿ ತೆರೆದಿತ್ತು.

ಬೇರೆ ಡ್ರೈವರ್ ಬಂದ. ಸುಂದರನನ್ನು ನಾಸರ್ ಕರೆದು, ವಫ್ರಾದ ತೋಟದಲ್ಲಿ ಗೇಟು ನೋಡಿಕೊಂಡು, ನೀರು ಬಿಡುವ ಕೆಲಸಕ್ಕೆ ಹೋಗುತ್ತೀಯಾ ಎಂದು ಕೇಳಿದ. ತಂದೆ ಹೇಳಿದ್ದಾರೆ ಎಂದ. ಸುಂದರ ಹೂಂ ಎಂದ. ಇಕಾಮಾ ಉಳಿಯಿತು. ಜಹ್ರಾದ ಕೋಣೆ ಹೋಯಿತು, ಸಂಜೆ ಲೆಸ್ಟರನ ಜೊತೆ ಕೂತು ಊರಿನ ಮಾತಾಡುವುದು ಹೋಯಿತು. ಇದನ್ನು ಕ್ಷಮೆ ಅನ್ನಬೇಕೋ ಶಿಕ್ಷೆ ಅನ್ನಬೇಕೋ ಅವನಿಗೆ ಇನ್ನೂ ತಿಳಿದಿಲ್ಲ.

ಈಗ ಅವನು ಅಲ್ಲೇ ಇದ್ದಾನೆ. ಹಸಿರುಮನೆಗಳ ಸಾಲಿನ ಕೊನೆಗೆ ತಗಡಿನ ಒಂದು ಕೋಣೆ. ಬೆಳಗ್ಗೆ ವಾಲ್ವ್ ತಿರುಗಿಸುತ್ತಾನೆ, ಎಡಗೈಯಲ್ಲಿ. ಬಿಸಿಲೇರಿದರೆ ಒಳಗೆ ಮಲಗುತ್ತಾನೆ. ಜೊತೆಗಿರುವ ಇಬ್ಬರು ಬೇರೆ ದೇಶದವರು, ಮಾತು ಅಷ್ಟಕ್ಕಷ್ಟೆ. ಆಪರೇಶನ್ನಿಗೆ ಲೆಸ್ಟರ್ ಹೆಸರು ಬರೆಸಿದ್ದಾನೆ, ದಿನ ಸಿಕ್ಕಿಲ್ಲ. ಶುಕ್ರವಾರ ಬಾಬಾ ಕಾರಿನಲ್ಲಿ ಬರುತ್ತಾರೆ. ಮೊದಮೊದಲು ಸಲಾಂ ಮಾತ್ರ. ಈಚೆಗೆ ಚಾ ತಂದಾಗ ಕುಳಿತುಕೋ ಅನ್ನುತ್ತಾರೆ. ಬೈಕಿನ ಮಾತು ಇಬ್ಬರೂ ಎತ್ತುವುದಿಲ್ಲ.

ವಫ್ರಾಕ್ಕೆ ಬಸ್ಸು ಕಡಿಮೆ. ಕಾರು ಇರುವವರ ಜೊತೆ ಸೇರಿಕೊಂಡು ಹೋಗಬೇಕು. ತರಕಾರಿ ಮಾರ್ಕೆಟ್ ದಾಟಿದ ಮೇಲೆ ಬೂ ನಾಸರ್ ತೋಟ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ಶನಿವಾರ ಹೋಗಿ, ಅವನಿಗೆ ಪುರುಸೊತ್ತು ಇರುತ್ತದೆ. ಗೇಟಿನ ಹತ್ತಿರ ನಿಂತು ತುಳುವಿನಲ್ಲೋ ಕನ್ನಡದಲ್ಲೋ ಒಮ್ಮೆ ಕೂಗಿ ಕರೆಯಿರಿ. ಕರೆದು ಸ್ವಲ್ಪ ಕಾಯಿರಿ, ಅವನ ಕೋಣೆ ಇರುವುದು ಸಾಲಿನ ಆ ಕೊನೆಗೆ. ಸ್ವಲ್ಪ ಹೊತ್ತು ಕೂತು ಮಾತಾಡಿ ಬನ್ನಿ.